ಬೂದು ಅಳಿಲಿಗೊಂದು ಹೆಸರು

ಯಾವ ಪ್ರಾಣಿ ಕಂಡರೂ ವೇದವಲ್ಲಿಗೆ ಮೊದಲು ಅದರ ಹೆಸರು ಬೇಕು. ಮೈಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದವಳು, ಗಂಡನ ಕಂಪನಿ ಜಪಾನಿಗೆ ಕಳಿಸಿದಾಗ, 2014ರಲ್ಲಿ, ಕಾಮಾಕುರಾದ ಬಾಡಿಗೆ ಮನೆಗೆ ಬಂದಳು. ಪಾಠ ಕೇಳುವವರಿಲ್ಲದೆ ಆ ಚಟವೆಲ್ಲ ಅಲ್ಲೇ ಹತ್ತಿರದ ಊರಿನಲ್ಲಿದ್ದ ಗೆಳತಿಯಾದ ನನ್ನ ತಲೆಗೆ ಸುತ್ತಿಕೊಂಡಿತು.

ಆ ಚಳಿಗಾಲ ಕರೆಂಟ್ ತಂತಿಯ ಮೇಲೆ ಅಳಿಲೊಂದು ಓಡಿತು. ಬೆನ್ನ ಮೇಲೆ ಗೆರೆಯಿಲ್ಲ, ಮೈಯೆಲ್ಲ ಬೂದು. ನಮ್ಮೂರ ಮೂರು ಗೆರೆಯ ಅಳಿಲು ನೋಡಿ ಬೆಳೆದವಳಿಗೆ ಗೆರೆಯಿಲ್ಲದ್ದೆಲ್ಲ ಪುಸ್ತಕದ ಬೂದು ಅಳಿಲೇ.

"ನಿಶಾ, ಗ್ರೇ ಸ್ಕ್ವಿರಲ್ ಕಣೇ! ಸ್ಕಿಯೂರಸ್ ಕ್ಯಾರೊಲಿನೆನ್ಸಿಸ್! ಸ್ಕಿಯೂರಸ್ ಅಂದ್ರೆ ಗ್ರೀಕಲ್ಲಿ ಬಾಲದ ನೆರಳಲ್ಲಿ ಕೂರೋದು ಅಂತ. ಅಮೆರಿಕದ್ದು ಇಲ್ಲಿಗೆ ಹೇಗೆ ಬಂತು?" ಫೋನಿನಲ್ಲೇ ಕುಣಿದಳು.

ಪಕ್ಕದ ಮನೆಯ ವಯಸ್ಸಾದ ಒಗಾವಾ-ಸಾನ್ ಅದನ್ನು ತೈವಾನ್ ಅಳಿಲು ಅಂದರು. ಇವಳು ಬಿಡುತ್ತಾಳೆಯೇ? ಅಲ್ಲವೇ ಅಲ್ಲ ಎಂದು ವಾದ ಹೂಡಿದಳು. ಪಾಪ, ಅವರ ಟೆಲಿಫೋನ್ ತಂತಿ, ಕಿಟಕಿಯ ಮರ ಎಲ್ಲ ಅದು ಕಡಿದಿತ್ತು. ನಗರಸಭೆಯಿಂದ ಬೋನು ತಂದಿಟ್ಟಿದ್ದರು. ಬಿದ್ದದ್ದು ಹೊರನಾಡಿನದಾದರೆ ಸಾಯಿಸುತ್ತಾರೆ, ಜಪಾನಿನದೇ ಆದರೆ ಬಿಡಬೇಕು. ಜಪಾನಿನ ಅಳಿಲೂ ಚಳಿಗಾಲದಲ್ಲಿ ಬೂದಾಗುತ್ತದೆ ಎಂದು ಓದಿದ ಮೇಲಂತೂ ವೇದವಲ್ಲಿಯ ತಲೆಗೆ ಹುಳ ಬಿಟ್ಟ ಹಾಗಾಯಿತು.

"ಹೊಟ್ಟೆ ನೋಡ್ಬೇಕು ಕಣೇ. ಅಮೆರಿಕದ್ದಕ್ಕೂ ಜಪಾನಿಂದಕ್ಕೂ ಬಿಳಿ, ತೈವಾನಿಂದಕ್ಕೆ ಕಂದುಗೆಂಪು."

ತೋರಿಸು ಅಂದರೆ ಅಳಿಲು ಹೊಟ್ಟೆ ತೋರಿಸುತ್ತದೆಯೇ? ತವರಿನಲ್ಲಿ ನೈವೇದ್ಯವಾದ ಮೇಲೆ ಕಾಂಪೌಂಡಿನ ಮೇಲೆ ಅಳಿಲಿಗೊಂದು ಪಾಲಿಡುವ ರೂಢಿ. ಇಲ್ಲಿ ಬಾಲ್ಕನಿಯಲ್ಲಿ ಕಡಲೇಕಾಯಿ ಇಟ್ಟಳು. ತಿನ್ನಿಸಬೇಡಿ ಎಂಬ ಬೋರ್ಡು ಬೀದಿಯಲ್ಲೇ ಇತ್ತು. ಅದು ಪ್ರವಾಸಿಗಳಿಗೆ ಎಂದುಕೊಂಡಳು, ಥೇಟ್ ನಮ್ಮವರ ಹಾಗೆ.

ಒಂದು ದಿನ ಅಳಿಲು ಎದ್ದು ಕೂತು ಕಾಯಿ ಒಡೆಯಿತು. ಹೊಟ್ಟೆ ಕಂದುಗೆಂಪು. ಹೆಸರು ಸಿಕ್ಕಿತು: ತೈವಾನ್ ಅಳಿಲೇ, ಕ್ಯಾಲೊಸ್ಕಿಯೂರಸ್ ಎರಿಥ್ರೇಯಸ್. ಆದರೆ ಕಡಲೇಕಾಯಿ ನಿಲ್ಲಲಿಲ್ಲ. ಅಷ್ಟರಲ್ಲಿ ಅದು ಅಂಗೈಯಿಂದಲೇ ತಿನ್ನುತ್ತಿತ್ತು, ಇವಳಿಗೆ ಅದರ ಮೇಲೆ ಜೀವ. ಒಗಾವಾ-ಸಾನ್‌ಗೆ ಏನೂ ಹೇಳಲಿಲ್ಲ.

ಮನುಷ್ಯರ ಭಯವೇ ಹೋಗಿದ್ದ ಅಳಿಲು ಒಗಾವಾ-ಸಾನ್ ಇಟ್ಟಿದ್ದ ಕಡಲೇಕಾಯಿ ವಾಸನೆಗೆ ನೆಟ್ಟಗೆ ಬೋನಿನೊಳಗೆ ನಡೆದುಬಿಟ್ಟಿತು. ಬೆಳಿಗ್ಗೆ ಒಗಾವಾ-ಸಾನ್ ಬೋನು ಹಿಡಿದು ಬಾಗಿಲಿಗೆ ಬಂದಾಗ ನಾನೂ ಅಲ್ಲಿದ್ದೆ.

"ಸುಮಿಮಾಸೆನ್, ಕ್ಷಮಿಸಿ, ವೇದವಲ್ಲಿ-ಸಾನ್. ತೈವಾನಿನದಲ್ಲ ಅಂದಿದ್ದಿರಿ. ನೀವು ಟೀಚರ್. ಜಪಾನಿನದು ಅಂದರೆ ಈಗಲೇ ಬಿಟ್ಟುಬಿಡುತ್ತೇನೆ."

ಹೇಳೇ, ಹೂಂ ಅನ್ನೇ ಎಂದು ಒಳಗೊಳಗೇ ಹಲುಬಿದೆ. ವೇದವಲ್ಲಿ ಬೋನಿನ ಮೇಲೆ ಕೈಯಿಟ್ಟಳು.

"ಕ್ಯಾಲೊಸ್ಕಿಯೂರಸ್ ಎರಿಥ್ರೇಯಸ್," ಅಂದಳು.

ಅವರಿಗೆ ಅರ್ಥವಾಗಲಿಲ್ಲ. "ಅಂದರೆ, ಬಿಡಬೇಕೇ?"

"ಬೇಡ."

ಅಳಿಲು ಸರಳಿನ ಸಂದಿಯಿಂದ ಮೂತಿ ಚಾಚಿ ಅವಳ ಬೆರಳು ಮೂಸುತ್ತಿತ್ತು.