ಮೂರು ಸಲ ಎಳೆದು ನೋಡುವ ಇಂಗ್ವಾಲ್ಡ್

ಫಿಯೋರ್ಡ್ ಎಂಬ ಕಡಲ ಚಾಚಿನ ದಂಡೆಯ ಗ್ಯಾರೇಜಿನಲ್ಲಿ ಕಾರಿನ ಸ್ಪೀಕರ್ ತಂತಿ ಜೋಡಿಸುವ ಮುದುಕ ಇಂಗ್ವಾಲ್ಡನಿಗೆ, ತಂತಿಗಳನ್ನು ಹೊಸೆದು ಟೇಪು ಸುತ್ತುವವರು ಪ್ರಾರ್ಥನೆಯ ನಡುವೆ ಆಕಳಿಸುವವರಿಗೆ ಸಮ. ಎರಡು ತುದಿಗಳನ್ನು ಪುಟ್ಟ ಲೋಹದ ಕೊಳವೆಗೆ ತೂರಿಸಿ, ಇಕ್ಕಳದಿಂದ ಅದುಮಿ, ಮೂರು ಸಲ ಎಳೆದು ನೋಡದೆ ಅವನು ಬಿಡನು. ಮದುವೆಯ ದಿನ ವಧುವಿನ ಉಂಗುರವನ್ನೂ ಹಾಗೆಯೇ ಎಳೆದು ನೋಡಿದನೆಂದು ಊರು ನಗುತ್ತದೆ. ಇಂದು ವಿಧವೆ ರಗ್ನಾಳ ಕಾರು ಬಂದಿದೆ. ತೀರಿಹೋದ ಗಂಡ ಹಾಡಿದ ಕೀರ್ತನೆಯ ಒಂದೇ ಕ್ಯಾಸೆಟ್ಟು ಅದರಲ್ಲಿ ಮೂಕವಾಗಿದೆ. “ಎಷ್ಟು ಎಳೀತೀಯೋ ಮಾರಾಯ, ಅದೇನ್ ಹಸು ಕೆಚ್ಚಲಾ?” ಎಂದು ಅವಳು ಗದರುತ್ತಾಳೆ. “ತಾಳು ರಗ್ನಕ್ಕ, ಇನ್ನೊಂದ್ಸಲ.” ಬಳಿಕ, ಹಡಗುಕಟ್ಟೆಯ ಸುತ್ತಿಗೆಗಳ ಸದ್ದಿಗೆ ಎಂದೋ ಕಿವುಡಾಗಿ, ಜನರ ತುಟಿ ನೋಡಿಯೇ ಮಾತು ಅರಿಯುವ ಅವನು ಕಾರಿನ ಬಾಗಿಲಿಗೆ ಭಕ್ತಿಯಿಂದ ಅಂಗೈ ಒತ್ತುತ್ತಾನೆ. ರಗ್ನಾ ಕ್ಯಾಸೆಟ್ಟು ಹಾಕುತ್ತಲೇ ಬಾಗಿಲೊಳಗಿನ ಸ್ಪೀಕರಿನಲ್ಲಿ ನಡುಕ ಹುಟ್ಟುತ್ತದೆ. “ಹಾಡ್ತಿದ್ದಾನೆ ಅಲ್ವಾ? ಅತ್ತಿದ್ದು ಸಾಕು ಕಣಕ್ಕ, ನಂಗೂ ಹೇಳು, ಈಗ ಯಾವ ಚರಣ?”