ಹೋಳಿಗೆ ಉಂಡು ಹೋದ ಸಾಹೇಬರು

ಮೊಮ್ಮಕ್ಕಳೇ, ಮೊನ್ನೆ ನಿಮ್ಮಲ್ಲೊಬ್ಬಳು ನನ್ನ ಪಿಂಚಣಿ ತಂದು ಕೈಗಿಡುತ್ತಾ, “ಅಜ್ಜಿ, ಇಷ್ಟ್ರಾಗ ಒಬ್ರು ಬದುಕ್ತಾರೇನ?” ಎಂದು ಕೇಳಿದಳು. ನಾನು ನಕ್ಕುಬಿಟ್ಟೆ. ಎದುರು ಕೂತು ಮಾತಾಡುವುದು ನನಗೆ ಮೊದಲಿನಿಂದಲೂ ಬಾರದು. ಭಾಲ್ಕಿ ಕಡೆಯ ನನ್ನ ತವರೂರಿನ ಸಾಲೆಯಲ್ಲಿ ಕಲಿತ ನಾಲ್ಕಕ್ಷರ ಕೈಯಲ್ಲಿ ಇನ್ನೂ ಇವೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಔರಾದದ ಕಚೇರಿಯಲ್ಲಿ ಜವಾನರಾಗಿದ್ದರು. ಜ್ವರ ಬಂದು ತೀರಿಕೊಂಡಾಗ ನಿಮ್ಮ ಅಪ್ಪ ಗೋಡೆ ಹಿಡಿದು ನಡೆಯುತ್ತಿದ್ದ, ನಿಮ್ಮ ಸೋದರತ್ತೆ ಸ್ವಲ್ಪ ದೊಡ್ಡವಳು. ಸಂತಪುರದ ಮನೆಯಲ್ಲಿ ನಾವು ಮೂವರು ಮತ್ತು ನನ್ನ ಅತ್ತೆ. ಹೊಲ ಇರಲಿಲ್ಲ. ತೀರಿಹೋದ ನೌಕರನ ಮನೆಯವರಿಗೆಂದು ಸರ್ಕಾರ ತಿಂಗಳಿಗಿಷ್ಟು ಕೊಡುತ್ತಿತ್ತು. ಹೈದರಾಬಾದಿನ ಕಾಲದ ಮಾತಿನಲ್ಲಿ ಅದಕ್ಕೆ ವಜೀಫಾ ಅನ್ನುತ್ತಿದ್ದೆವು. ಅದರಲ್ಲಿ ಜೋಳ ಬರುತ್ತಿತ್ತು, ಬೇಳೆ ಬರುತ್ತಿತ್ತು. ಎಣ್ಣೆಗೆ ಬಂದಾಗ ಕೈ ಬಿಗಿ ಹಿಡಿಯಬೇಕು. ಯಾರದಾದರೂ ಬಟ್ಟೆ ಹರಿದರೆ ಆ ತಿಂಗಳು ಬೇಳೆ ಇಲ್ಲ.

ಅಷ್ಟರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಗಳಿಗೆ ಆ ಕಡೆಯ ಸಾಹೇಬರು ಬಂದರು. ವಜೀಫಾ ಪಡೆಯುವವರ ಮನೆಗಳನ್ನು ಅವರು ಕಣ್ಣಾರೆ ನೋಡಿ, ಆಮೇಲೆ ಮುಂದುವರಿಸುತ್ತಾರೆ ಎಂದು ಸುದ್ದಿಯಾಯಿತು. ನಿಮ್ಮ ಅಜ್ಜನ ಜೊತೆ ಕೆಲಸ ಮಾಡಿದ್ದ ಜವಾನರೊಬ್ಬರು ಔರಾದದಿಂದ ಹೇಳಲು ಬಂದರು. ಅವರನ್ನು ನಾನು ಅಣ್ಣ ಅನ್ನುತ್ತಿದ್ದೆ.

“ಅವ್ವಾ, ಬರೋ ಸೋಮವಾರ ಬೀದರದ ಸಾಹೇಬ್ರು ನಿಮ್ಮ ಮನಿಗಿ ಬರ್ತಾರ. ಮನಿ ಹ್ಯಾಂಗದ ಅಂತ ನೋಡ್ತಾರ” ಎಂದರು.

ಅತ್ತೆಯ ಕಿವಿಗೆ ಬಿದ್ದದ್ದು ಮನೆಗೆ ಯಾರೋ ಬರುತ್ತಾರೆ ಎಂಬುದಷ್ಟೇ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅವರ ಮನೆತನದಲ್ಲಿ ಬಾಗಿಲಿಗೆ ಬಂದವರು ಉಣ್ಣದೆ ಹೋದದ್ದಿಲ್ಲ. ಭಾನುವಾರವೇ ನೆಲ ಸಾರಿಸಿದೆವು. ಎದುರು ಮನೆಯಿಂದ ತಾಮ್ರದ ಕೊಡ ಬಂತು. ಹಿಂದಿನ ಓಣಿಯಿಂದ ಹೊರಸು, ಅದರ ಮೇಲೆ ಹಾಸಲು ಜಮಖಾನ. ಅತ್ತೆ ಉಡಲು ಪಕ್ಕದ ಮನೆಯಾಕೆ ತನ್ನ ಇಳಕಲ್ ಸೀರೆ ಕೊಟ್ಟಳು. ಕಡಲೆಬೇಳೆ, ಬೆಲ್ಲ, ತುಪ್ಪ ಒಂದೊಂದು ಮನೆಯದು. ಚಹಕ್ಕೆ ಹಾಲು ಕೇಳಲು ಹೋದಾಗ ಪಕ್ಕದ ಮನೆಯಾಕೆ, “ಹಾಲ್ಯಾಕ ಹೊತ್ತುಕೊಂಡು ಹೋಗ್ತಿ ತಂಗಿ, ಎಮ್ಮಿನೇ ಹೊಡ್ಕೊಂಡು ಹೋಗ್” ಎಂದಳು. ಎಮ್ಮೆಯನ್ನು ತಂದು ನಮ್ಮ ಅಂಗಳದಲ್ಲಿ ಕಟ್ಟಿದೆವು.

ಸಾಹೇಬರು ಬಂದರು. ವಯಸ್ಸು ಕಡಿಮೆ, ಮೆತ್ತಗಿನ ಮಾತು. ಅವರ ಕನ್ನಡ ನಮಗೆ ಹಾಡಿದಂತೆ ಕೇಳಿಸುತ್ತಿತ್ತು. ನಾನು ಬಾಗಿಲ ಹಿಂದೆ ನಿಂತು ಹೋಳಿಗೆ ಕೊಡುತ್ತಿದ್ದೆ, ಅತ್ತೆ ಬಡಿಸುತ್ತಿದ್ದರು.

“ಸಾಕಮ್ಮ, ಇನ್ನು ಬೇಡ.”

“ಎರಡಕ್ಕ ಸಾಕಂದ್ರ ಹ್ಯಾಂಗ್ರಿ ಸಾಹೇಬ್ರ? ನಿಮ್ಮ ಮೈಸೂರಾಗ ಹೊಟ್ಟಿ ಸಣ್ಣವೇನ್ರಿ?”

ಅವರು ನಕ್ಕು ಇನ್ನೊಂದು ಹಾಕಿಸಿಕೊಂಡರು. ಕೈ ತೊಳೆಯುತ್ತಾ, “ಎಮ್ಮೆ ನಿಮ್ಮದೇ ಏನಮ್ಮ?” ಎಂದು ಕೇಳಿದರು.

“ನಮ್ದೇ ಅನ್ಕೋರಿ” ಎಂದರು ಅತ್ತೆ. ನೆರೆಯವರ ಸಾಮಾನನ್ನು ಬೇರೆ ಎಂದು ಹೇಳುವುದು ಅವರ ಬಾಯಿಗೆ ಬರುತ್ತಿರಲಿಲ್ಲ.

ಸಾಹೇಬರು ಹೋದ ಮೇಲೆ ಎಲ್ಲವನ್ನೂ ಅವರವರ ಮನೆಗೆ ಮುಟ್ಟಿಸಿ ಬಂದೆವು. ಅತ್ತೆಗೆ ಬಹಳ ಸಮಾಧಾನವಾಗಿತ್ತು. ಮುಂದಿನ ತಿಂಗಳು ವಜೀಫಾ ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ವಿಚಾರಿಸಿಕೊಂಡು ಬಂದ ಅಣ್ಣ ಕಟ್ಟೆಯ ಮೇಲೆ ಕೂತು ಅತ್ತೆಯ ಮುಖ ನೋಡಿದರು.

“ಇವರಿಗಿ ಕೊಡೂದು ಬ್ಯಾಡ, ಚಲೋ ಇದ್ದೋರು ಅಂತ ಬರದಾರ ನೋಡ್ರಿ. ತುಪ್ಪ ಹಾಕಿ ಹೋಳಿಗಿ ಉಣ್ಣಿಸಿ ಬಡತನ ತೋರಸ್ದೋರು ಈ ತಾಲೂಕಿನಾಗ ನೀವೊಬ್ಬರೇ ಅವ್ವಾ.”

“ಮತ್ತ ಬಂದೋರಿಗಿ ಬರೀ ನೀರು ಕುಡಿಸ್ಲೇನೋ?”

“ಎಮ್ಮಿನಾದ್ರೂ ಬಿಡಬೇಕಿತ್ತು.”

ಆಗಲೇ ನಾನು ತವರಿನಿಂದ ತಂದ ಜೋಳದಲ್ಲಿ ಅಡುಗೆ ನಡೆಸಿದ್ದೆ. ಅದೂ ಗಡಿಗೆಯ ತಳಕ್ಕೆ ಬಂದಿತ್ತು. ಮುಂದಕ್ಕೆ ಮಕ್ಕಳ ಹೊಟ್ಟೆಗೆ ಏನು ಎಂಬುದೊಂದೇ ನನ್ನ ತಲೆಯಲ್ಲಿತ್ತು. “ಬೀದರಕ್ಕ ಹೋಗಿ ಇದ್ದದ್ದು ಇದ್ದಂಗ ಹೇಳಬೇಕು, ತಂಗಿ” ಎಂದರು ಅಣ್ಣ. ಪರ ಗಂಡಸಿನ ಎದುರು ನಿಂತು ಮಾತಾಡುವುದಿರಲಿ, ಅತ್ತೆಯ ಮುಂದೆಯೇ ಅತ್ತೆ ಮಾಡಿದ್ದನ್ನು ಬಿಚ್ಚಿ ಹೇಳುವುದು ಹೇಗೆ?

ಕೊನೆಗೆ ಹೊರಟೆ, ಅತ್ತೆಯೂ ಜೊತೆಗೆ ಬಂದರು. ಬೀದರದಲ್ಲಿ ಕಾಳಿನ ಪೇಟೆ ಗಾಂಧಿ ಗಂಜ ದಾಟುವಾಗ ಲಾರಿಯಿಂದ ಚೀಲ ಇಳಿಸುತ್ತಿದ್ದರು. ಚೆಲ್ಲಿದ ತೊಗರಿಯನ್ನು ಹೆಂಗಸೊಬ್ಬಳು ಗುಡಿಸುತ್ತಿದ್ದಳು. ಅತ್ತೆ ನಿಂತು ನೋಡಿ, “ಇಲ್ಲಿ ನೆಲಕ್ಕ ಬಿದ್ದದ್ದು ನಮಗ ತಿಂಗಳಾಗ್ತದ” ಎಂದರು. ಬೆಳಗಿನಿಂದ ಅವರು ಆಡಿದ್ದು ಅದೊಂದೇ ಮಾತು.

ಕಚೇರಿಯಲ್ಲಿ ಸಾಹೇಬರು ನಮ್ಮ ಗುರುತು ಹಿಡಿದರು. “ಹೋಳಿಗೆ ಅಮ್ಮ ಅಲ್ವಾ?” ಎಂದು ಬೆಂಚು ತೋರಿಸಿದರು. ನಾನು ಕೂರಲಿಲ್ಲ. ನೆಲ ನೋಡುತ್ತಲೇ ಹೇಳಿದೆ.

“ಎಮ್ಮಿ ನಮ್ದಲ್ರಿ. ಕೊಡ ನಮ್ದಲ್ರಿ. ಹೊರಸು, ಜಮಖಾನ, ಅತ್ತಿಯವರು ಉಟ್ಟ ಸೀರಿ, ಬ್ಯಾಳಿ, ಬೆಲ್ಲ, ತುಪ್ಪ, ಯಾವ್ದೂ ನಮ್ದಲ್ರಿ.”

ಅವರು ಕಾಗದದಿಂದ ತಲೆ ಎತ್ತಿದರು. “ಹಾಗಾದರೆ ನಿಮ್ಮದೇನಿತ್ತಮ್ಮ?”

ನಾನು ನಿಜವಾಗಿಯೂ ಯೋಚಿಸಿದೆ. “ಉಪ್ಪು ನಮ್ದಿತ್ತ್ರಿ.”

“ಮಾಡಿದ ಕೈನೂ ನಮ್ವೇ ರೀ” ಎಂದರು ಹಿಂದಿನಿಂದ ಅತ್ತೆ.

ಸಾಹೇಬರು ತಲೆ ತಗ್ಗಿಸಿ ನಕ್ಕರು. ಆಮೇಲೆ ನನ್ನನ್ನು ಕೇಳಿದರು: “ಮೊದಲು ಬರುತ್ತಿದ್ದಷ್ಟನ್ನೇ ಮತ್ತೆ ಕೊಡಿಸಿದರೆ ಜೀವನ ನಡೆಯುತ್ತಾ?”

ಹೂಂ ಅಂದುಬಿಡುವುದು ಸುಲಭವಿತ್ತು. ಅಷ್ಟು ಹೇಳಿದ ಮೇಲೆ ಇಷ್ಟನ್ನು ಯಾಕೆ ಮುಚ್ಚಲಿ ಅನಿಸಿತು. “ನಡಿಯಂಗಿಲ್ರಿ. ಆದ್ರ ಅದಿಲ್ದಿದ್ರ ನಿಂತೇ ಹೋಗ್ತದ್ರಿ.”

ಹೆಚ್ಚಿಗೆ ಕೊಡುವುದು ತಮ್ಮ ಕೈಯಲ್ಲಿಲ್ಲ ಎಂದು ಅವರು ಹೇಳಿದರು. ಮೊದಲಿನಷ್ಟು ಮತ್ತೆ ಬರತೊಡಗಿತು. ಕಡಿಮೆ ಬಿದ್ದದ್ದನ್ನು ನಾನು ಮಂದಿಯ ಜೋಳ ಬೀಸಿ, ಹಿಟ್ಟಿನಲ್ಲಿ ಪಾಲು ಪಡೆದು ತುಂಬಿಸಿದೆ. ಬೀಸುವಾಗ ನಿಮ್ಮ ಅಪ್ಪ ತೊಡೆಯ ಮೇಲೆ ಮಲಗಿರುತ್ತಿದ್ದ.

ಬೀಸುತ್ತಾ ಎಷ್ಟೋ ಸಲ ಯೋಚಿಸಿದ್ದೇನೆ. ವಜೀಫಾ ಗೊತ್ತುಮಾಡಿದವರು ಕೆಟ್ಟವರಲ್ಲ. ಮನೆಯಲ್ಲಿ ಎಷ್ಟು ಹೊಟ್ಟೆ ಎಂದು ನೋಡಿದ್ದರು. ಬಾಗಿಲಿಗೆ ಬರುವವರ ಹೊಟ್ಟೆ, ಮದುವೆಗೆ ಕರೆದರೆ ಒಯ್ಯಬೇಕಾದ ಕುಬಸದ ಕಣ, ತುಪ್ಪ ಕೊಟ್ಟ ಮನೆಗೆ ನಾವು ತಿರುಗಿ ಕೊಡಬೇಕಾದ ತುಪ್ಪ, ಇವು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅವಿಲ್ಲದೆಯೂ ಮನುಷ್ಯ ಜೀವ ಹಿಡಿದಿರಬಹುದು. ಅತ್ತೆ ಅದನ್ನು ಬದುಕು ಅನ್ನುತ್ತಿರಲಿಲ್ಲ.

ಮರುವರ್ಷ ಅದೇ ಸಾಹೇಬರು ಹೇಳದೆ ಕೇಳದೆ ಬಂದರು. ಅಂಗಳ ಖಾಲಿ ಇತ್ತು. ಅತ್ತೆ ತೇಪೆ ಹಾಕಿದ ಸೀರೆಯ ಸೆರಗು ಸರಿಮಾಡಿಕೊಂಡು, “ಕೂಡ್ರಿ ಸಾಹೇಬ್ರ, ಇವತ್ತ ಎಲ್ಲಾ ನಮ್ದೇ ಅದ” ಎಂದರು. ನೆಲದ ಮೇಲೆ ಚಾಪೆ ಹಾಸಿ, ರೊಟ್ಟಿ ಮತ್ತು ಪುಂಡಿಪಲ್ಯ ತಂದಿಟ್ಟರು. ಸಾಹೇಬರು ನನ್ನ ಕಡೆ ನೋಡಿದರು. ನಾನು ಬಾಗಿಲ ಹಿಂದೆ ಸರಿದೆ. ಅವರು ಕೂತು ಉಂಡರು. ಎರಡನೆಯ ರೊಟ್ಟಿಯನ್ನು ಬೇಡ ಎನ್ನಲು ಕೈ ಅಡ್ಡ ಹಿಡಿದರು. ಅತ್ತೆ ಆ ಕೈ ಸರಿಸಿ ಹಾಕಿದರು.

ಆ ಸಂಜೆ ನನಗೂ ಅತ್ತೆಗೂ ಸೇರಿ ಒಂದೇ ರೊಟ್ಟಿ ಉಳಿದಿತ್ತು. ಅತ್ತೆ ಅದನ್ನು ಮುರಿದು ದೊಡ್ಡ ತುಂಡನ್ನು ನನ್ನ ಕಡೆ ಸರಿಸಿ, “ಮನಷ್ಯಾ ಚಲೋ ಉಂಡ ನೋಡು” ಎಂದರು.