ಅಕ್ಕ ಕೂಗಿದ್ದು

ಕನಸಿನ ಸೂಚನೆ, ಕಾಣದ ದನಿ ಎಂದೆಲ್ಲ ಯಾರಾದರೂ ಶುರುಮಾಡಿದರೆ ನಾನು ನಕ್ಕು ಎದ್ದುಹೋಗುತ್ತಿದ್ದೆ. ಈಗಲೂ ಅಂಥದ್ದನ್ನು ಸುಲಭಕ್ಕೆ ನಂಬುವವನಲ್ಲ. ಆದರೂ ಇದೊಂದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿತು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ತೊಡೆಸಂದಿನ ರಕ್ತನಾಳದೊಳಗಿಂದ ಸಣ್ಣ ಕೊಳವೆ ತೂರಿಸಿ, ಗಡ್ಡೆಗೇ ಔಷಧ ಬಿಟ್ಟು, ಅದಕ್ಕೆ ರಕ್ತ ಹೋಗುವ ದಾರಿಯನ್ನು ಮುಚ್ಚಿದರು. ಸ್ವಲ್ಪ ದಿನ ಜ್ವರ, ನೋವು ಇರುತ್ತದೆ, ಹೆದರಬೇಡಿ ಎಂದರು. ಜ್ವರ ಬಂದು ಹೋಯಿತು. ಗುಂಡ್ಲುಪೇಟೆಯ ಮನೆಗೆ ಬಂದು ಕೆಲವು ವಾರಗಳ ಮೇಲೆ ಮತ್ತೆ ಜ್ವರ ಕಾಣಿಸಿಕೊಂಡಾಗ, ಇದೂ ಅದೇ ಇರಬೇಕು ಎಂದುಕೊಂಡು ಮಾತ್ರೆ ನುಂಗಿ ಮಲಗಿದೆ.

ಬೆಳಗಿನ ಹೊತ್ತು. ಮಂಪರಿನಲ್ಲಿದ್ದಾಗ ಬೀದಿ ಬಾಗಿಲಲ್ಲಿ ಅಕ್ಕನ ದನಿ. "ಏಳ್ಲಾ ಕೂಸು, ಮನಿಕಬ್ಯಾಡ."

ಅಕ್ಕ ಇರುವುದು ದೂರದ ಉಮ್ಮತ್ತೂರಿನಲ್ಲಿ. ಗೋಡೆ ಹಿಡಿದು ಎದ್ದು ಹೋಗಿ ಬಾಗಿಲು ತೆಗೆದೆ. ಯಾರೂ ಇರಲಿಲ್ಲ. ಅಡುಗೆಮನೆಯಿಂದ ಹೆಂಡತಿ, "ಅತ್ಗೆ ಬಂದ್ರಾ? ಒಳೀಕೆ ಕರೀರಿ, ಇನ್ನೊಂದ್ ಪಾವು ಅಕ್ಕಿ ಹಾಕ್ತೀನಿ" ಎಂದಳು.

ಅಲ್ಲೇ ನಿಂತಿದ್ದವನಿಗೆ ಹಲ್ಲು ಕಟಕಟ ಎನ್ನುವ ಚಳಿ ಹತ್ತಿತು. ನೆಟ್ಟಗೆ ನಿಲ್ಲಲಾಗಲಿಲ್ಲ. ಅವಳು ಓಡಿಬಂದು ಹಿಡಿದುಕೊಂಡಳು. ಪಕ್ಕದ ಮನೆಯವರ ಕಾರಿನಲ್ಲಿ ಮೈಸೂರಿಗೆ ಹೋದೆವು.

ಸ್ಕ್ಯಾನ್ ನೋಡಿದ ಡಾಕ್ಟರು, "ಇದು ಔಷಧದ ಜ್ವರ ಅಲ್ಲ. ಗಡ್ಡೆ ಸತ್ತ ಜಾಗದಲ್ಲಿ ಕೀವು ತುಂಬಿದೆ. ಮಲಗೇ ಇದ್ದಿದ್ರೆ ನಂಜು ರಕ್ತಕ್ಕೆ ಏರ್ತಿತ್ತು" ಎಂದರು. ಪಕ್ಕೆಯಿಂದ ನಳಿಗೆ ಹಾಕಿ ಕೀವು ತೆಗೆದರು. ಬದುಕಿದೆ.

ವಾರ್ಡಿಗೆ ನೋಡಲು ಬಂದ ಅಕ್ಕನನ್ನು, ಆ ದಿನ ಗುಂಡ್ಲುಪೇಟೆಗೆ ಬಂದಿದ್ದೆಯಾ ಎಂದು ಕೇಳಿದೆ.

"ಇಲ್ಲ ಕಣ್ಲಾ, ಅರಿಸ್ನದ ಒಲದಲ್ಲಿ ಕಳೆ ಕೀಳ್ತಿದ್ದೆ. ಇದ್ದಕ್ಕಿದ್ದಂಗೆ ನಿನ್ನ ಕೂಗ್ಬುಟ್ಟೆ. ಜೊತೇಲಿದ್ದೋರು ನಗಾಡುದ್ರು."

"ಯಾಕೆ ಕೂಗ್ದೆ?"

"ನಂಗೇನ್ ಗೊತ್ತು? ಬಾಯಿಗ್ ಬತ್ತು."

ಜ್ವರ ಏರಿದಾಗ ಕಿವಿಯಲ್ಲಿ ದನಿ ಕೇಳಿಸುವುದುಂಟು ಎಂದು ಡಾಕ್ಟರು ಆಮೇಲೆ ಹೇಳಿದರು. ಒಪ್ಪಿದೆ. ಆದರೆ ಹೆಂಡತಿಗೆ ಜ್ವರ ಇರಲಿಲ್ಲವಲ್ಲ?

ಈಗ ಆರಾಮಾಗಿದ್ದೇನೆ. ತಪಾಸಣೆಗೆ ಹೋಗಿಬರುತ್ತೇನೆ, ಹಸಿವಾಗುತ್ತದೆ, ನಿದ್ದೆ ಬರುತ್ತದೆ. ಮೊನ್ನೆ ಅಕ್ಕ ಬಂದಿದ್ದಾಗ ಮತ್ತೆ ಆ ಮಾತೆತ್ತಿದೆ. ಅವಳು ತಟ್ಟೆಗೆ ಸಾರು ಬಿಡುತ್ತ ಹೇಳಿದಳು, "ಬದ್ಕಿದ್ದೀಯಲ್ಲ, ಸುಮ್ಕೆ ಉಣ್ಣು."